ಪದಕದ ಅಂಚು ನೋಡು, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ನೋಡಿದೆ. ಮುತ್ತಾತನ ಮತ್ತು ತಾತನ ಪದಕಗಳನ್ನು ಯಾವುದೋ ಬೆಳ್ಳಿ ಅಂಗಡಿಯಲ್ಲಿ ತೂಕ ಹಾಕಿಸಿ ರೇಟು ಕೇಳಿದ್ದಾರೆ, ದೊಡ್ಡಪ್ಪನ ಮಗ ಮೂರು ಮನೆಗೂ ಪಾಲು ಮಾಡೋಣ ಅಂತಿದ್ದಾನೆ, ಅಪ್ಪ ಏನಂತೀರಿ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಅವನ್ನು ಬಿಡಿ ಬಿಡಿಯಾಗಿ ಹಂಚಬೇಡಿ. ಯಾರ ಮನೆಯಲ್ಲಾದರೂ ಇರಲಿ, ಒಟ್ಟಿಗೆ ಇರಲಿ. ಅವರ ಮೇಲಿನ ಪ್ರೀತಿಯಿಂದ ಹೇಳುತ್ತಿದ್ದೇನೆ, ನಿಜ. ಆದರೆ ಬರೀ ದುಡ್ಡಿನ ಲೆಕ್ಕ ಹಾಕಿದರೂ ಇದೇ ಸರಿ.

ಅಂಗಡಿಯವರು ತೂಕ ಹಾಕಿದ್ದರಲ್ಲಿ ತಪ್ಪೇನಿಲ್ಲ, ಅದು ಅವರ ಕೆಲಸ. ಆದರೆ ಆ ಡಬ್ಬಿಯಲ್ಲಿ ಬೆಳ್ಳಿಯದು ಅಂತ ಇರುವುದು ಒಂದೇ ಪದಕ. ಮುತ್ತಾತನ ಬ್ರಿಟಿಷ್ ವಾರ್ ಮೆಡಲ್, 1914-18ರದ್ದು. ಹೆಚ್ಚು ಕಡಿಮೆ ಒಂದು ಔನ್ಸ್ ಬೆಳ್ಳಿ. ಉಳಿದವೆಲ್ಲ ಕಂಚು ಇಲ್ಲವೇ ತಾಮ್ರ-ನಿಕಲ್. ಹಾಗಾಗಿ ತಾತ ಬರ್ಮಾದಿಂದ ಕಾಶ್ಮೀರದವರೆಗೆ ಮಾಡಿದ ನೌಕರಿಗೆಲ್ಲ ಆ ತಕ್ಕಡಿಯಲ್ಲಿ ಬೆಲೆಯೇ ಇಲ್ಲ. 1980ರಲ್ಲಿ ಬೆಳ್ಳಿ ರೇಟು ಏಕಾಏಕಿ ಏರಿದಾಗ ಬ್ರಿಟನ್ನಿನಲ್ಲಿ ಎಷ್ಟೋ ಮನೆಯವರು ಇದೇ ಪದಕವನ್ನು ಕರಗಿಸಲು ಕೊಟ್ಟರು. ಜೊತೆಯಲ್ಲಿದ್ದ ಕಂಚಿನ ಪದಕಗಳು ಒಂಟಿಯಾದವು. ನಮ್ಮ ಮನೆಯಲ್ಲಿ ಹಾಗಾಗಬಾರದು.

ಹಾಗಂತ ಆ ಪದಕ ಸಿಗದ ವಸ್ತುವೇನಲ್ಲ. ಸುಮಾರು 65 ಲಕ್ಷ ಮಂದಿಗೆ ಕೊಟ್ಟಿದ್ದಾರೆ. ಅದರ ಬೆಲೆ ಇರುವುದು ಅಂಚಿನಲ್ಲಿ. ಭೂತಗನ್ನಡಿ ಹಿಡಿದು ನಿಧಾನವಾಗಿ ತಿರುಗಿಸಿ ನೋಡು. ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಜಮಾದಾರ್ ಅನ್ನುವ ಹುದ್ದೆ, ಮುತ್ತಾತನ ಹೆಸರು, ಮೈಸೂರು ಲ್ಯಾನ್ಸರ್ಸ್ (ಮೈಸೂರು ಮಹಾರಾಜರ ಕುದುರೆ ಪಡೆ) ಅಂತ ಚುಟುಕಾಗಿ ಒತ್ತಿದ್ದಾರೆ. ಅಕ್ಷರಗಳೆಲ್ಲ ಒಂದೇ ಆಳ, ಒಂದೇ ಸಾಲು. ಕೆಲವರು ಹಳೆಯ ಹೆಸರು ಅರದಿಂದ ಉಜ್ಜಿ ತೆಗೆದು ಬೇರೆ ಹೆಸರು ಕೆತ್ತಿಸುತ್ತಾರೆ. ಆಗ ಅಂಚು ಸವೆದು ಪದಕ ಕಿರಿದಾಗುತ್ತದೆ. ಸರಿಯಾದದ್ದು 36 ಮಿಲಿಮೀಟರ್ ಅಗಲ. ವರ್ನಿಯರ್ ಕ್ಯಾಲಿಪರ್ ಇಟ್ಟು ಎರಡು ಮೂರು ಕಡೆ ಅಳೆದರೆ ಗೊತ್ತಾಗುತ್ತದೆ. ನಮ್ಮದು ಸರಿಯಾಗಿದೆ, ನಾನೇ ಅಳೆದಿದ್ದೇನೆ.

ಮೈಸೂರು ಲ್ಯಾನ್ಸರ್ಸ್ ಅಂದ ಕೂಡಲೇ ಸಂಗ್ರಹಕಾರರು ಹೈಫಾ ಅನ್ನುತ್ತಾರೆ. ಈಗಿನ ಇಸ್ರೇಲಿನ ಊರು ಅದು, ಅಲ್ಲಿ ಕಾಳಗ ನಡೆದದ್ದು 1918ರ ಸೆಪ್ಟೆಂಬರ್ 23ರಂದು. ಜೋಧಪುರದವರು ಕುದುರೆ ಓಡಿಸಿ ಊರೊಳಗೆ ನುಗ್ಗಿದರು, ನಮ್ಮವರು ಕಾರ್ಮೆಲ್ ಬೆಟ್ಟ ಹತ್ತಿ ಶತ್ರುಗಳ ಫಿರಂಗಿಗಳ ಮೇಲೆ ಬಿದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ಪ್ರತಿಮೆಯಾಗಿ ನಿಂತಿರುವ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನವನು, ನಿನಗೆ ಚಿಕ್ಕವಳಿದ್ದಾಗ ತೋರಿಸಿದ್ದೆ. ಆದರೆ ಪದಕದ ಮೇಲೆ ಹೈಫಾ ಅಂತ ಎಲ್ಲೂ ಬರೆದಿಲ್ಲ. ಯಾವ ಯುದ್ಧದಲ್ಲಿದ್ದರು ಅಂತ ಹೇಳುವ ಪಟ್ಟಿಯನ್ನು ಆ ಪದಕಕ್ಕೆ ಕೊಡಲೇ ಇಲ್ಲ. ಮುತ್ತಾತ ಅವತ್ತು ಅಲ್ಲಿದ್ದರು ಅಂತ ತೋರಿಸುವುದು ಡಬ್ಬಿಯ ಅಡಿಯಲ್ಲಿರುವ ಆ ಹಳದಿ ಬಣ್ಣಕ್ಕೆ ತಿರುಗಿದ ಸರ್ವಿಸ್ ಕಾಗದ. ಅದನ್ನು ಯಾರೂ ತೂಕ ಹಾಕಲಿಲ್ಲ, ಅಲ್ವಾ? ಬೆಳ್ಳಿಗಿಂತ ಅದೇ ಜಾಸ್ತಿ ಬಾಳುತ್ತದೆ.

ಕಾಗದ ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ಕೊಡಗಿನವರಾದ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯ ಅವರನ್ನು ನೆನೆಸಿಕೋ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ವಾಪಸ್ಸು ಬರಲಿಲ್ಲ. ಅವರು ತಮ್ಮ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿದ್ದು ಎಷ್ಟೋ ವರ್ಷ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬ್ರಿಟಿಷ್ ಲೇಖಕನೊಬ್ಬ ಪಾಕಿಸ್ತಾನದ ಕಡೆಯಿಂದ ಬರೆದಾಗ ಸಂಗತಿ ಹೊರಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಮಾಡಿದ ಕೆಲಸ ಅದೇ. ಬರೆದಿಟ್ಟವರು ಒಬ್ಬರು ಸಿಗುವವರೆಗೆ ಕಾಯಬೇಕಾಯಿತು.

ಈಗ ತಾತನ ಪದಕಗಳ ಸಾಲು. ಅವರು ಅಧಿಕಾರಿಯಾಗಿದ್ದರಿಂದ ಅಂಚಿನಲ್ಲಿ ಐಸಿ ಅಂತ ಶುರುವಾಗುವ ನಂಬರ್ ಇದೆ. ಕಾಶ್ಮೀರದ ಪದಕದಲ್ಲಿ ಕ್ಯಾಪ್ಟನ್, 1965ರದ್ದರಲ್ಲಿ ಮೇಜರ್. ಹುದ್ದೆ ಹೀಗೆ ಮೇಲೇರುತ್ತಾ, ನಂಬರ್ ಮಾತ್ರ ಅದೇ ಉಳಿದರೆ ಎಲ್ಲವೂ ಒಬ್ಬರದ್ದೇ ಅಂತ ನಂಬಬಹುದು. ಎಲ್ಲ ಪದಕವೂ ಒಂದೇ ಮಾತು ಹೇಳುವುದಿಲ್ಲ, ಅದನ್ನೂ ತಿಳಿದುಕೋ. 1965ರ ಯುದ್ಧದ ರಕ್ಷಾ ಮೆಡಲ್ ಆಗ ನೌಕರಿಯಲ್ಲಿದ್ದ ಬಹುತೇಕ ಎಲ್ಲರಿಗೂ ಬಂದಿದೆ. ಸಮರ ಸೇವಾ ಸ್ಟಾರ್ ಅದೇ ಯುದ್ಧದ ಕಾರ್ಯಾಚರಣೆಯಲ್ಲಿ ಇದ್ದವರಿಗೆ. ಎರಡನೇ ಮಹಾಯುದ್ಧದ ಬರ್ಮಾ ಸ್ಟಾರ್ ಲಕ್ಷಗಟ್ಟಲೆ ಹಂಚಿದ್ದು. ಬ್ರಿಟಿಷ್ ಸೈನಿಕರಿಗೆ ಕೊಟ್ಟ ಸ್ಟಾರ್‌ಗಳ ಹಿಂದೆ ಹೆಸರೂ ಇಲ್ಲ, ನಮ್ಮವರಿಗೆ ಕೊಟ್ಟಿದ್ದರಲ್ಲಿ ಇದೆ. ಹಾಗಾಗಿ ನಮ್ಮದನ್ನು ಸುಮ್ನೆ ಇನ್ನೊಂದರ ಜೊತೆ ಬದಲಾಯಿಸಿ ಇಡಲು ಆಗುವುದಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಜೋಪಾನ ಮಾಡು ಅನ್ನುವುದು ಕಾಶ್ಮೀರದ ಜನರಲ್ ಸರ್ವಿಸ್ ಮೆಡಲ್ಲಿನ ರಿಬ್ಬನ್ನನ್ನು. ಅದರ ಮೇಲೆ ಒಂದು ಪುಟ್ಟ ಕಂದು ಎಲೆ ಇದೆ. ಪಿನ್ನಿನಿಂದ ಚುಚ್ಚಿದ್ದು, ಹಳೆಯ ಬ್ರೋಚ್ ಚೂರು ಅಂದುಕೊಂಡು ಬಿಸಾಕುವಷ್ಟು ಚಿಕ್ಕದು. ಅದು ಕಮಲದ ಎಲೆ. ಯುದ್ಧದ ವರದಿಯಲ್ಲಿ ಹೆಸರು ಎತ್ತಿ ಹೇಳಿದ ಅಧಿಕಾರಿಗೆ, ಸೈನಿಕನಿಗೆ ಕೊಡುವಂಥದ್ದು. ಆ ಹೆಸರು ಭಾರತ ಸರ್ಕಾರದ ಗೆಜೆಟ್‌ನಲ್ಲಿ ಬರುತ್ತದೆ. ರಿಬ್ಬನ್ ಹಳತಾಯಿತು ಅಂತ ಹೊಸದು ಹಾಕಿಸಿದರೆ ಆ ಎಲೆ ಟೈಲರ್ ಅಂಗಡಿಯ ಕಸದಲ್ಲಿ ಹೋಗುತ್ತದೆ. ಇಡೀ ಗುಂಪಿನಲ್ಲಿ ತಾತನ ಧೈರ್ಯಕ್ಕೆ ಇರುವ ಗುರುತು ಅದೊಂದೇ. ರಿಬ್ಬನ್ ಹರಿದಿದ್ದರೂ ಇರಲಿ ಬಿಡು.

ಹಾಗೇ, ಆಯುಧಪೂಜೆ ಬಂತು ಅಂತ ವಿಭೂತಿ, ಹುಣಸೆಹಣ್ಣು ಹಾಕಿ ತಿಕ್ಕುವುದನ್ನು ನಿಲ್ಲಿಸಿ. ಕುಂಕುಮ ಬೇಕಾದರೆ ಡಬ್ಬಿಗೆ ಇಡಿ. ತಿಕ್ಕಿದಷ್ಟೂ ಅಕ್ಷರ ಸವೆಯುತ್ತದೆ. ಹೊಳೆಯುವ ಪದಕಕ್ಕಿಂತ ಕಪ್ಪಾದ ಪದಕವನ್ನೇ ತಿಳಿದವರು ಇಷ್ಟಪಡುತ್ತಾರೆ.

ಲಂಡನ್ನಿನ ಹರಾಜಿಗೆ ಕಳಿಸಿದರೆ ಒಳ್ಳೆ ಬೆಲೆ ಬರುತ್ತದೆ ಅಂತ ಯಾರೋ ಹೇಳಿದ್ದಾರಂತೆ. ಬರಬಹುದು. ಆದರೆ ಮುತ್ತಾತನ ಪದಕಗಳಿಗೆ ನೂರು ವರ್ಷ ದಾಟಿದೆ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಇಲ್ಲಿ ವ್ಯಾಪಾರ ಮಾಡುವವರಿಗೂ ಲೈಸೆನ್ಸ್ ಬೇಕು. ಅಣ್ಣನಿಗೆ ಇದನ್ನು ಸಮಾಧಾನವಾಗಿ ಹೇಳು. ಅವನಿಗೆ ದುಡ್ಡಿನ ಅಗತ್ಯ ಇದೆ, ನನಗೆ ಗೊತ್ತು. ಅವನ ಪಾಲಿನ ಹಣ ನಾನು ಕೊಡುತ್ತೇನೆ, ಪದಕ ಬಿಡಿಸುವುದು ಬೇಡ. ಮುಂದೆ ನಿಮ್ಮ ಯಾರ ಮನೆಯಲ್ಲೂ ಇಡಲು ಆಗದಿದ್ದರೆ ರೆಜಿಮೆಂಟಿಗೆ ಬರೆಯಿರಿ. ಮೈಸೂರು ಲ್ಯಾನ್ಸರ್ಸ್ ಈಗ 61ನೇ ಕ್ಯಾವಲ್ರಿಯಲ್ಲಿ ಸೇರಿದೆ, ಅವರು ಇಂದಿಗೂ ಹೈಫಾ ದಿನ ಆಚರಿಸುತ್ತಾರೆ.

ಒಂದು ಕೆಲಸ ನಿನ್ನಿಂದ ಆಗಬೇಕು. ಮೈಸೂರು ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟ್ ತಲುಪಿತ್ತು, ಮುತ್ತಾತನೂ ಆ ತಂಡದಲ್ಲೇ ಹೋಗಿದ್ದರು ಅಂತ ಆ ಕಾಗದದಲ್ಲಿದೆ. ಅಂದರೆ ಅವರಿಗೆ 1914-15ರ ಸ್ಟಾರ್ ಕೂಡ ಬಂದಿರಬೇಕು. ಡಬ್ಬಿಯಲ್ಲಿ ಅದಿಲ್ಲ, ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್ ಎರಡೇ ಇವೆ. ನಾಲ್ಕು ಮೊನೆಯ ಕಂಚಿನ ನಕ್ಷತ್ರ, ಅಡ್ಡಡ್ಡ ಎರಡು ಕತ್ತಿ, ಹಿಂದೆ ಹೆಸರು. ನಮ್ಮಜ್ಜಿಯ ಟ್ರಂಕು ಅತ್ತೆ ಮನೆಗೆ ಹೋಗಿತ್ತು, ಅದರಲ್ಲಿ ಇದ್ದರೂ ಇರಬಹುದು. ಬೆಲೆ ಕಟ್ಟಿಸುವ ಮೊದಲು ಅದನ್ನು ಹುಡುಕಿಸು. ಅತ್ತೆಗೆ ನೀನೇ ಫೋನ್ ಮಾಡು. ನಾನು ಮಾಡಿದರೆ ಮಾತು ಪಾಲಿನ ಕಡೆಗೇ ಹೋಗುತ್ತದೆ.

ನಿನ್ನ
ಅಪ್ಪ