ಗುಂಡನ ಮನೆಗೆ ನಿಮ್ಮ ಚಾಕಿ ಮನೆಯ ಲೆಕ್ಕ

ಫೀನಿಕ್ಸ್, ಅರಿಜೋನಾ
12 ಅಕ್ಟೋಬರ್ 2025

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ ಎಂದು ತಿಳಿಸಿ.

ಹೋದ ಭಾನುವಾರ ಫೋನಿನಲ್ಲಿ "ಒಂದು ಆಮೆಗೆ ಆರಡಿ ಉದ್ದದ ಮನೆಯೇ?" ಎಂದು ಕೇಳಿದಿರಿ. ಅವಸರದಲ್ಲಿ ಉತ್ತರ ಹೇಳಲಾಗಲಿಲ್ಲ. ಈ ವಿಷಯದಲ್ಲಿ ನಿಮ್ಮ ಸಲಹೆಯೂ ಬೇಕಾಗಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ತಂದಾಗ ಗುಂಡ ನಿಂಬೆಹಣ್ಣಿನಷ್ಟಿದ್ದ. ಎರಡೇ ವರ್ಷದಲ್ಲಿ ಊಟದ ತಟ್ಟೆಯ ತುಂಬ ಕೂರುವಷ್ಟಾಗಿದ್ದಾನೆ. ಅವನು ಸುಲ್ಕಾಟಾ ಜಾತಿಯವನು, ಮೂಲ ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣದ ಅಂಚು. ಪೂರ್ತಿ ಬೆಳೆದರೆ ಎರಡಡಿಗೂ ಮೀರಿ ಉದ್ದವಾಗುತ್ತಾನೆ, ಒಂದು ಮೂಟೆ ಸಿಮೆಂಟಿನಷ್ಟು ತೂಗಬಹುದು. ನನಗಿಂತ ಹೆಚ್ಚು ಕಾಲ ಬದುಕಲೂಬಹುದು.

ಅವನ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಗಿದೆ ಅಪ್ಪ. ಮಾರಿದವರು "ಮರುಭೂಮಿಯ ಪ್ರಾಣಿ, ಒಣಗಿದ್ದಷ್ಟೂ ಒಳ್ಳೆಯದು" ಎಂದಿದ್ದರು. ಅದನ್ನು ನಂಬಿ ಮೊದಲ ಆರು ತಿಂಗಳು ಒಣ ಹೊಟ್ಟಿನ ಮೇಲೆ, ಬಿಸಿ ದೀಪದ ಕೆಳಗೆ ಇಟ್ಟೆ. ಅವನ ನಡುಬೆನ್ನಿನ ಐದು ಫಲಕಗಳೂ ಸಣ್ಣ ಗುಡ್ಡಗಳಂತೆ ಎದ್ದುಬಿಟ್ಟವು. 2003ರಲ್ಲಿ ಪ್ರಕಟವಾದ ಆಸ್ಟ್ರಿಯಾದ ಸಂಶೋಧನೆಯೊಂದರಲ್ಲಿ ಇದೇ ಜಾತಿಯ ಮರಿಗಳನ್ನು ಬೇರೆಬೇರೆ ತೇವಾಂಶದಲ್ಲಿ ಬೆಳೆಸಿ ನೋಡಿದ್ದಾರೆ. ಚಿಪ್ಪು ಹೀಗೆ ಏಳುವುದಕ್ಕೆ ಆಹಾರದ ಪ್ರೋಟೀನಿಗಿಂತ ಒಣ ಗಾಳಿಯೇ ದೊಡ್ಡ ಕಾರಣವೆಂದು ಕಂಡುಬಂತಂತೆ. ಹುಟ್ಟಿದ ನಾಡಿನಲ್ಲಿ ಈ ಆಮೆಗಳು ಬಿರುಬಿಸಿಲಿನ ಹೊತ್ತನ್ನೆಲ್ಲ ಬಿಲದೊಳಗೆ, ಮಣ್ಣಿನ ತಂಪು ತೇವದಲ್ಲಿ ಕಳೆಯುತ್ತವೆ. ಮೇಲಿನ ಮರಳನ್ನಷ್ಟೇ ನೋಡಿದವರಿಗೆ ಅದು ತಿಳಿಯುವುದಿಲ್ಲ.

ಇದನ್ನೆಲ್ಲ ಓದುವಾಗ ರೇಷ್ಮೆಯ ಮರಿಹುಳುಗಳನ್ನು ಸಾಕುತ್ತಿದ್ದ ನಿಮ್ಮ ಚಾಕಿ ಮನೆ ಕಣ್ಣಮುಂದೆ ಬಂತು. ಗೋಡೆಯಲ್ಲಿ ತೇವ ಅಳೆಯುವ ಜೋಡಿ ಬಲ್ಬಿನ ತಾಪಮಾಪಕ, ತಟ್ಟೆಗಳ ಮೇಲೆ ಪ್ಯಾರಾಫಿನ್ ಕಾಗದ, ಅಂಚಿನ ಸುತ್ತ ಒದ್ದೆ ಫೋಮ್ ಪಟ್ಟಿ. ಮರಿಹುಳುವಿಗೆ ಶೇ 85–90 ತೇವ, ಕೊನೆಯ ಜ್ವರ ಕಳೆದ ಮೇಲೆ, ಅಂದರೆ ಹುಳು ಕೊನೆಯ ಸಲ ಪೊರೆ ಬಿಟ್ಟ ಮೇಲೆ, ಶೇ 70 ಸಾಕು, ಆಗ ಜಾಗ ಜಾಸ್ತಿ ಬೇಕು ಎಂದು ಹೇಳುತ್ತಿದ್ದಿರಿ. ಗುಂಡನಿಗೂ ಹೆಚ್ಚುಕಡಿಮೆ ಅದೇ ಲೆಕ್ಕ. ಈಗ ಮುಚ್ಚಿದ ತೊಟ್ಟಿಯಲ್ಲಿ ಒದ್ದೆ ತೆಂಗಿನ ನಾರಿನ ಪುಡಿ ಹಾಸಿ, ತೇವಾಂಶ ಶೇ 80ರಿಂದ ಇಳಿಯದಂತೆ ನೋಡಿಕೊಳ್ಳುತ್ತಿದ್ದೇನೆ. ರಾತ್ರಿಯೂ 27 ಡಿಗ್ರಿ ಇರಲೇಬೇಕು, ತೇವದ ಜೊತೆ ತಣ್ಣಗಾದರೆ ಉಸಿರಾಟದ ಕಾಯಿಲೆ ಬರುತ್ತದೆ. ಎದ್ದ ಗುಡ್ಡಗಳು ಇನ್ನು ಇಳಿಯುವುದಿಲ್ಲ. ಆದರೆ ಬೆರಳಾಡಿಸಿದರೆ ಪ್ರತಿ ಗುಡ್ಡದ ಬುಡದಲ್ಲಿ ಈಚೆಗೆ ಬೆಳೆದ ಅಂಚು ಸಿಗುತ್ತದೆ, ಬೆಣ್ಣೆಬಣ್ಣದ್ದು, ನುಣ್ಣಗೆ, ಸಮತಟ್ಟಾಗಿ. ಮೊದಲ ಸಲ ಅದು ಬೆರಳಿಗೆ ಸಿಕ್ಕ ದಿನ ನನಗೆ ಅಳುವೇ ಬಂತು.

ಇನ್ನು ಮನೆಯ ವಿಷಯ. ತೊಟ್ಟಿ ಬಹಳ ದಿನ ಸಾಲದು. ಇಲ್ಲಿ ಜೂನ್ ಮಧ್ಯಾಹ್ನ ಗಾಳಿಯ ತೇವಾಂಶ ಶೇ 10ರ ಆಸುಪಾಸಿಗೆ ಇಳಿಯುತ್ತದೆ, ಡಿಸೆಂಬರಿನ ರಾತ್ರಿ ಚಳಿ ಐದಾರು ಡಿಗ್ರಿ ಮುಟ್ಟುತ್ತದೆ. ಆದ್ದರಿಂದ ಹಿತ್ತಲಲ್ಲಿ ಆರಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಗೂಡು ಕಟ್ಟಿ, ಒಳಗೋಡೆಗೆಲ್ಲ ಗಟ್ಟಿ ಫೋಮ್ ಹಲಗೆ ಹಾಕುತ್ತೇನೆ. ಮೇಲಿನಿಂದ ಉರಿಯುವ ದೀಪ ಬೆನ್ನನ್ನು ಒಣಗಿಸುತ್ತದೆ. ಅದಕ್ಕೇ ಗೋಡೆಯ ಪಕ್ಕ ಎಣ್ಣೆ ತುಂಬಿದ ಹೀಟರ್, ತಾನಾಗಿ ಆರಿ ಹೊತ್ತುವಂಥದ್ದು. ಅದರ ಮುಂದೆ ಅವನು ಮಗುಚಲಾಗದ ನೀರಿನ ತೊಟ್ಟಿ, ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆ. ಹೊರಗೆ ತಿರುಗಾಡುವ ಜಾಗಕ್ಕೆ ಎರಡಡಿ ಎತ್ತರದ ಇಟ್ಟಿಗೆ ಗೋಡೆ, ನೆಲದೊಳಗೂ ಒಂದಡಿ, ಏಕೆಂದರೆ ಅಗೆಯುವುದರಲ್ಲಿ ಅವನು ನಮ್ಮ ಹೊಲದ ಹೆಗ್ಗಣಗಳನ್ನು ಮೀರಿಸುತ್ತಾನೆ. ತಂತಿಬೇಲಿ ಬೇಡ, ಆಚೆಯದು ಕಂಡರೆ ದಿನವಿಡೀ ತಳ್ಳುತ್ತಲೇ ಇರುತ್ತಾನೆ.

ನನಗೆ ಗೊತ್ತಾಗದಿರುವುದು ಗಾಳಿಕಿಂಡಿ. ಪೂರ್ತಿ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ, ತೆರೆದರೆ ತೇವ ಹೋಗುತ್ತದೆ. ಚಾಕಿ ಮನೆಯಲ್ಲಿ ನೀವು ಸೂರಿನ ಕೆಳಗೆ ಬಿಟ್ಟಿದ್ದ ಕಿಂಡಿಗಳ ಅಳತೆ ಎಷ್ಟು? ಯಾವ ಹೊತ್ತಿಗೆ ತೆರೆಯುತ್ತಿದ್ದಿರಿ?

ನನ್ನ ತಮ್ಮ, ಹೊಲದ ಬದುವಿನಲ್ಲಿ ಕಂಡ ನಕ್ಷತ್ರ ಆಮೆಯ ಫೋಟೊ ಕಳಿಸಿ, ತಾನೂ ಸಾಕುತ್ತೇನೆ ಎಂದಿದ್ದಾನೆ. ಖಂಡಿತ ಬೇಡ ಎಂದು ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ನಮ್ಮ ಕೋಲಾರದ ಕಡೆಯಿಂದ ಅವನ್ನು ಹಿಡಿದು ಸಾಗಿಸುವವರ ಕಾಟವೂ ಇದೆ. ಆ ಬದುವೇ ಅದರ ಮನೆ, ಅಲ್ಲೇ ಇರಲಿ.

ಪಕ್ಕದ ಮನೆಯ ಅಂಗಳದಲ್ಲಿ ಹಳೆಯ ಹಿಪ್ಪುನೇರಳೆ ಮರವಿದೆ. ಅವರು ಕೊಟ್ಟ ಸೊಪ್ಪನ್ನು ಗುಂಡ ತೊಟ್ಟನ್ನೂ ಬಿಡದೆ ತಿನ್ನುತ್ತಾನೆ. ಆ ಸದ್ದಿಗೆ ನಮ್ಮ ಹುಳುಮನೆಯ ರಾತ್ರಿಗಳು ನೆನಪಾಗುತ್ತವೆ.

ನವೆಂಬರ್ ಮುಗಿಯುವುದರೊಳಗೆ ಗೂಡು ಕಟ್ಟಬೇಕು. ಕಿಂಡಿಯ ಅಳತೆ ಬೇಗ ತಿಳಿಸಿ.

ನಿಮ್ಮ ಮಗಳು