ರಕ್ತದಲ್ಲಿ ಸಿಗದ ಅಲರ್ಜಿಯನ್ನು ‘ಇಲ್ಲ’ ಅಂತ ಬರೆದುಕೊಟ್ಟ ಬಗ್ಗೆ ದೂರು

ಇವರಿಂದ:
ಗೇರುಬೀಜ ಕಾರ್ಖಾನೆಯ ಕಟ್ಟಿಂಗ್ ಕೆಲಸದವಳು,
ಬದಿಯಡ್ಕದ ಹತ್ತಿರ, ಕಾಸರಗೋಡು ಜಿಲ್ಲೆ

ಇವರಿಗೆ:
ಗ್ರಾಹಕ ಸೇವೆಯ ಮುಖ್ಯಸ್ಥರು,
ರಕ್ತ ಪರೀಕ್ಷೆಯ ಲ್ಯಾಬ್

ದಿನಾಂಕ: ಏಪ್ರಿಲ್ 10

ವಿಷಯ: ಕೆಮಿಕಲ್ ಅಲರ್ಜಿ ಪ್ಯಾಕೇಜಿನ ತಪ್ಪು ವರದಿಯನ್ನು ತಿದ್ದಿ ಕೊಡುವ ಬಗ್ಗೆ

ಮಾನ್ಯರೇ,

ಫೆಬ್ರವರಿ 6ರಂದು ನಿಮ್ಮ ಹುಡುಗ ನಮ್ಮ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋದ. ಕೆಲಸದ ಜಾಗದ ಕೆಮಿಕಲ್ ಅಲರ್ಜಿ ಪ್ಯಾಕೇಜ್ ಅಂತ 4,200 ರೂಪಾಯಿ ಕೊಟ್ಟೆ. ಮೂರನೇ ದಿನ ವಾಟ್ಸಾಪಿಗೆ ವರದಿ ಬಂತು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಇತ್ತು: ಕೆಲಸದ ರಾಸಾಯನಿಕಗಳಿಗೆ ಅಲರ್ಜಿ ಇಲ್ಲ. ಆ ಒಂದು ಸಾಲಿನಿಂದ ನನಗೆ ಏನೇನಾಯಿತು ಅಂತ ಹೇಳಲಿಕ್ಕೆ ಈ ಪತ್ರ.

ನಾನು 11 ವರ್ಷದಿಂದ ಕಟ್ಟಿಂಗಿನಲ್ಲಿದ್ದೇನೆ. ಆವಿಯಲ್ಲಿ ಬೆಂದು ಆರಿದ ಬೀಜವನ್ನು ಒಂದೊಂದಾಗಿ ಬ್ಲೇಡಿನ ನಡುವೆ ಇಡುವುದು, ಕಾಲಿನಲ್ಲಿ ಪೆಡಲ್ ಒತ್ತಿ ಸಿಪ್ಪೆ ಸೀಳುವುದು. ಆ ಸಿಪ್ಪೆಯ ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗೂಡುಗಳಿವೆ. ಅದರಲ್ಲೆಲ್ಲ ಎಣ್ಣೆ. ಬೆಂದ ಮೇಲೂ ಪೂರ್ತಿ ಹೋಗುವುದಿಲ್ಲ. ಬೀಜ ಸೀಳಿದ ಕೂಡಲೇ ಹೆಬ್ಬೆರಳಿಗೂ ತೋರುಬೆರಳಿಗೂ ಜಿಗುಟಾಗಿ ಅಂಟುತ್ತದೆ, ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ, ಸಾಬೂನು ಹಾಕಿ ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ನಾವು ಕೆಲಸಕ್ಕೆ ಕೂರುವ ಮೊದಲು ಕೈಗೆ ಹರಳೆಣ್ಣೆ ಹಚ್ಚಿ ಬೂದಿ ಮುಟ್ಟಿಕೊಳ್ಳುತ್ತೇವೆ. ಕೈಗವಸು ಹಾಕಿದರೆ ಕೈ ಓಡುವುದಿಲ್ಲ. ಕೂಲಿ ಸಿಗುವುದು ತಿರುಳಿನ ತೂಕಕ್ಕೆ ಅಲ್ವಾ.

ಕಳೆದ ಮಳೆಗಾಲದಿಂದ ಬೆರಳ ಸಂದಿಯಲ್ಲಿ ತುರಿಕೆ ಶುರುವಾಯಿತು. ನೀರುಗುಳ್ಳೆ ಏಳುತ್ತದೆ, ಒಡೆಯುತ್ತದೆ, ಆಮೇಲೆ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಮೀನಿಗೆ ಖಾರ ಹಚ್ಚಲಿಕ್ಕೂ ಮಗಳನ್ನೇ ಕರೆಯಬೇಕು. ಒಂದು ವಾರ ಮನೆಯಲ್ಲಿ ಕೂತರೆ ಕಡಿಮೆಯಾಗುತ್ತದೆ. ಕೆಲಸಕ್ಕೆ ಹೋದ ಮರುದಿನ ಸಂಜೆಗೆ ಮತ್ತೆ ಅದೇ. ಬುಕ್ ಮಾಡುವಾಗ ಇದನ್ನೆಲ್ಲ ನಿಮ್ಮ ಫೋನಿನವರಿಗೆ ಬಿಡಿಸಿ ಹೇಳಿದ್ದೆ. ಗೇರು ಸಿಪ್ಪೆಯ ಎಣ್ಣೆ ಅಂತ ಎರಡು ಸಲ ಹೇಳಿದೆ. ‘ಒಂದೇ ಸೂಜಿಯಲ್ಲಿ ಎಲ್ಲ ಗೊತ್ತಾಗುತ್ತದೆ ಅಕ್ಕ’ ಅಂದರು.

ವರದಿಯಲ್ಲಿ ಇದ್ದದ್ದು ಏನು? ಮನೆಧೂಳಿನ ನುಸಿ, ಜಿರಲೆ, ಹಾಲು, ಮೊಟ್ಟೆ, ಸಿಗಡಿ, ನೆಲಗಡಲೆ. ಕೆಮಿಕಲ್ ಅಂತ ಇದ್ದದ್ದು ನಾಲ್ಕೇ: ರಬ್ಬರಿನ ಲೇಟೆಕ್ಸ್, ಫಾರ್ಮಾಲ್ಡಿಹೈಡ್, ಐಸೋಸಯನೇಟ್, ಥಾಲಿಕ್ ಅನ್‌ಹೈಡ್ರೈಡ್. ಕೈಗವಸು, ಪ್ಲೈವುಡ್, ಪೈಂಟ್, ಪ್ಲಾಸ್ಟಿಕ್ ಕೆಲಸದವರಿಗೆ ಬೇಕಾದದ್ದು. ಇನ್ನೊಂದು ಸಾಲಿನಲ್ಲಿ ಗೇರುಬೀಜ ಅಂತ ಇತ್ತು. 0.35ಕ್ಕಿಂತ ಕಡಿಮೆ, ನೆಗೆಟಿವ್. ಅದನ್ನು ನೋಡಿ ನಾನೂ ನಂಬಿದೆ. ಅದು ತಿನ್ನುವ ತಿರುಳಿನ ಪ್ರೋಟೀನಿಗೆ ಮಾಡಿದ ಪರೀಕ್ಷೆ ಅಂತ ಆಮೇಲೆ ತಿಳಿಯಿತು. ನನ್ನದು ತಿರುಳು ತಿಂದು ಬಂದ ಕಾಯಿಲೆ ಅಲ್ಲ, ಸಿಪ್ಪೆಯ ಎಣ್ಣೆ ತಾಗಿ ಬಂದದ್ದು.

ವರದಿಯನ್ನು ಕಾರ್ಖಾನೆಯ ಮ್ಯಾನೇಜರಿಗೆ ತೋರಿಸಿದ್ದು ನಾನೇ. ಕೈ ವಾಸಿಯಾಗುವ ತನಕ ತಿರುಳು ವಿಂಗಡಿಸುವ ಗ್ರೇಡಿಂಗಿಗೆ ಹಾಕಿ ಅಂತ ಕೇಳಿಕೊಂಡಿದ್ದೆ. ಅವರು ಕೊನೆಯ ಸಾಲು ಓದಿ, ‘ಅಲರ್ಜಿ ಇಲ್ಲ ಅಂತ ಬಂದಿದೆಯಲ್ಲ, ಮನೆಯ ಸಾಬೂನಿನದ್ದಿರಬೇಕು’ ಅಂದರು. ಮತ್ತೆ 6 ವಾರ ಕಟ್ಟಿಂಗಿನಲ್ಲೇ ಕೂತೆ. ಬೆರಳ ಸಂದಿಯಲ್ಲಿದ್ದದ್ದು ಮಣಿಕಟ್ಟಿನ ತನಕ ಬಂತು. ಹೆಬ್ಬೆರಳ ಬುಡ ಬಿರಿದು ರಕ್ತ ಬರುತ್ತಿತ್ತು. ರಾತ್ರಿ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಮಲಗುತ್ತಿದ್ದೆ.

ಕೊನೆಗೆ ಮಂಗಳೂರಿನ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಕನ್ನಡದಲ್ಲೇ ಸಮಾಧಾನದಿಂದ ಹೇಳಿದರು. ನಿಮ್ಮ ಲ್ಯಾಬ್ ನೋಡಿದ್ದು ರಕ್ತದ ಐಜಿಇ, ಅಂದರೆ ಕೆಲವು ಬಗೆಯ ಅಲರ್ಜಿಯಲ್ಲಿ ರಕ್ತದಲ್ಲಿ ಕಾಣುವ ಒಂದು ಪ್ರೋಟೀನು. ತಾಗಿದ ಅಥವಾ ತಿಂದ ಸ್ವಲ್ಪ ಹೊತ್ತಿಗೇ ಸೀನು, ದದ್ದು, ದಮ್ಮು ಬರುವಂಥ ಅಲರ್ಜಿಗೆ ಅದು ಸರಿ. ಚರ್ಮಕ್ಕೆ ಎಣ್ಣೆ ತಾಗಿ ಒಂದೆರಡು ದಿನ ಬಿಟ್ಟು ಗುಳ್ಳೆ ಏಳುವ ಅಲರ್ಜಿಯೇ ಬೇರೆ. ಅದನ್ನು ಮಾಡುವುದು ಟಿ ಕಣ ಅನ್ನುವ ಬಿಳಿ ರಕ್ತಕಣಗಳು. ಅದು ಐಜಿಇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ‘ಚೇರೆ ಮರದ ಸೊನೆ ತಾಗಿದರೆ ಮೈ ಬೀಗುತ್ತದಲ್ಲ, ಇದೂ ಅದೇ ಜಾತಿ’ ಅಂದರು. ಚೇರೆ, ಗೇರು, ಮಾವು ಎಲ್ಲ ಒಂದೇ ಕುಟುಂಬವಂತೆ. ನಮ್ಮ ಊರಲ್ಲಿ ಮಕ್ಕಳಿಗೂ ಚೇರೆ ಮರದ ಹತ್ತಿರ ಹೋಗಬೇಡ ಅಂತ ಹೇಳುತ್ತೇವೆ. ಅಷ್ಟು ಹೇಳಿದ ಮೇಲೆ ನನಗೆ ಎಲ್ಲ ಅರ್ಥವಾಯಿತು.

ಇದಕ್ಕೆ ಬೇಕಾದದ್ದು ಪ್ಯಾಚ್ ಟೆಸ್ಟ್. ಸಿಪ್ಪೆಯ ಎಣ್ಣೆಯನ್ನು ಸಣ್ಣ ಬಾಟಲಿಯಲ್ಲಿ ತರಲು ಹೇಳಿದರು. ಅದನ್ನು ತುಂಬ ತೆಳು ಮಾಡಿದರು, ಹಾಗೇ ಹಚ್ಚಿದರೆ ಯಾರ ಚರ್ಮವಾದರೂ ಸುಡುತ್ತದೆ. ಅದರ ಜೊತೆ ನಿಕ್ಕಲ್, ಕ್ರೋಮಿಯಂ, ಕೈಗವಸಿನ ರಬ್ಬರಿಗೆ ಹಾಕುವ ಕೆಮಿಕಲ್ ಎಲ್ಲ ಸೇರಿಸಿ ಸೋಮವಾರ ಬೆನ್ನಿಗೆ ಅಂಟಿಸಿದರು. ಬೆನ್ನಿಗೆ ನೀರು ತಾಗಿಸಬಾರದು. ಬುಧವಾರ, 48 ಗಂಟೆಯ ಮೇಲೆ ತೆಗೆದು ನೋಡಿದರು. ಶುಕ್ರವಾರ ಇನ್ನೊಮ್ಮೆ ನೋಡಿದರು. ಗೇರೆಣ್ಣೆ ಇದ್ದ ಜಾಗ ಕೆಂಪಾಗಿ ಉಬ್ಬಿ, ಸಣ್ಣ ಸಣ್ಣ ಗುಳ್ಳೆ ಎದ್ದಿತ್ತು. ಉಳಿದ ಯಾವುದಕ್ಕೂ ಏನೂ ಇಲ್ಲ. ಅಂದರೆ ನಾನು ಕೈಗವಸು ಹಾಕಬಹುದು ಅಂತಲೂ ಗೊತ್ತಾಯಿತು. ಮೂರು ದಿನದ ಬಸ್ಸು, ಮೂರು ದಿನದ ಕೂಲಿ ಹೋಯಿತು. ಆದರೆ ಉತ್ತರ ಸಿಕ್ಕಿತು.

ಎಲ್ಲ ರಕ್ತ ಪರೀಕ್ಷೆಯೂ ಸುಮ್ನೆ ಅಂತ ನಾನು ಹೇಳುವುದಿಲ್ಲ. ಲೇಟೆಕ್ಸಿಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ನನ್ನ ತಮ್ಮ ಕುಂಬಳೆಯಲ್ಲಿ ಕಾರಿಗೆ ಪೈಂಟ್ ಹೊಡೆಯುತ್ತಾನೆ. ಸಂಜೆಯಾದರೆ ಕೆಮ್ಮು, ಎದೆ ಬಿಗಿತ. ಅವನೂ ನಿಮ್ಮ ಪ್ಯಾಕೇಜ್ ಮಾಡಿಸುವವನಿದ್ದ. ಪೈಂಟಿನ ಐಸೋಸಯನೇಟಿನಿಂದ ದಮ್ಮು ಬಂದವರಲ್ಲಿ ಎಷ್ಟೋ ಜನರ ರಕ್ತದಲ್ಲಿ ಐಜಿಇ ಕಾಣುವುದೇ ಇಲ್ಲವಂತೆ. ಕೆಲಸದ ದಿನ, ರಜೆಯ ದಿನ ಎರಡರಲ್ಲೂ ಉಸಿರು ಊದಿ ಅಳೆದು, ಕೆಲವು ವಾರ ಬರೆದಿಟ್ಟು ಹೋಲಿಸಿ ನೋಡಬೇಕಂತೆ. ಅವನಿಗೂ ನೀವು ‘ಇಲ್ಲ’ ಅಂತ ಬರೆದುಕೊಟ್ಟಿದ್ದರೆ ಅವನು ಅದೇ ಹೊಗೆಯಲ್ಲಿ ನಿಂತಿರುತ್ತಿದ್ದ. ನನಗೆ ಜಾಸ್ತಿ ಸಂಕಟವಾದದ್ದು ಇದಕ್ಕೆ.

ಕೆಮಿಕಲ್ ನೇರವಾಗಿ ತಾಗಿ ಬರುವ ಚರ್ಮದ ಕಾಯಿಲೆ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಪಟ್ಟಿಯಲ್ಲೇ, ಅಂದರೆ ಸರ್ಕಾರಕ್ಕೆ ತಿಳಿಸಬೇಕಾದ ಕೆಲಸದ ಕಾಯಿಲೆಗಳ ಪಟ್ಟಿಯಲ್ಲೇ, ಇತ್ತು. ಕೆಲಸದಿಂದ ಬಂದದ್ದು ಅಂತ ತೋರಿಸಲು ನಮ್ಮಂಥವರ ಕೈಯಲ್ಲಿ ಇರುವುದು ಒಂದು ಕಾಗದ. ಆ ಕಾಗದವೇ ತಪ್ಪು ಹೇಳಿದರೆ? ಈಗ ಮ್ಯಾನೇಜರ್ ನಿಮ್ಮ ವರದಿಯನ್ನೂ ಡಾಕ್ಟರ ವರದಿಯನ್ನೂ ಎದುರಿಗಿಟ್ಟು ಯಾವುದನ್ನು ನಂಬುವುದು ಅಂತ ಕೇಳುತ್ತಿದ್ದಾರೆ.

ಆದ್ದರಿಂದ ಆ ಕೊನೆಯ ಸಾಲನ್ನು ತೆಗೆದು, ಯಾವ ನಾಲ್ಕು ಕೆಮಿಕಲ್ ನೋಡಿದ್ದೀರಿ, ಗೇರು ಸಿಪ್ಪೆಯ ಎಣ್ಣೆಯನ್ನು ನೋಡಿಲ್ಲ, ಚರ್ಮದ ಅಲರ್ಜಿ ಇದರಲ್ಲಿ ತಿಳಿಯುವುದಿಲ್ಲ ಅಂತ ಸ್ಪಷ್ಟವಾಗಿ ಬರೆದು ಹೊಸ ವರದಿ ಕೊಡಿ. ನನ್ನ 4,200 ರೂಪಾಯಿ ವಾಪಸ್ ಕೊಡಿ. ಪ್ಯಾಕೇಜ್ ಮಾರುವ ಮೊದಲು ಏನು ಕೆಲಸ, ಮೈಯಲ್ಲಿ ಏನಾಗುತ್ತದೆ ಅಂತ ಕೇಳಿ, ಚರ್ಮದ ತೊಂದರೆ ಅಂದವರನ್ನು ಡಾಕ್ಟರ ಹತ್ತಿರ ಕಳಿಸಿ. ಕಾಸರಗೋಡಿನಲ್ಲಿ ಕನ್ನಡ ಓದುವವರು ಬಹಳ ಜನ ಇದ್ದೇವೆ, ವರದಿಯ ಜೊತೆ ಕನ್ನಡದಲ್ಲಿ ನಾಲ್ಕು ಸಾಲು ಕೊಡುವುದು ಕಷ್ಟವಲ್ಲ.

15 ದಿನ ಕಾಯುತ್ತೇನೆ. ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ, ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಎರಡು ವರದಿಯ ಪ್ರತಿ, ರಸೀದಿ, ಕೈಯ ಫೋಟೋ ಜೊತೆಗಿಟ್ಟಿದ್ದೇನೆ. ತಿದ್ದಿದ ವರದಿ ವಾಟ್ಸಾಪಿನಲ್ಲಿ ಬಂದರೆ ಸಾಲದು. ಮ್ಯಾನೇಜರಿಗೆ ಕೊಡಲು ಸಹಿ, ಮುದ್ರೆ ಇರುವ ಕಾಗದವನ್ನೇ ಅಂಚೆಯಲ್ಲಿ ಕಳಿಸಿ.

ಇಂತಿ,
ನಿಮ್ಮಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಕಟ್ಟಿಂಗ್ ಕೆಲಸದವಳು