ಲೋಕಾಯುಕ್ತದ ಹಲ್ಲು ಕಿತ್ತಾಗ ಯಾರೂ ಗಟ್ಟಿಯಾಗಿ ಕೇಳಲಿಲ್ಲ

ಮಾನ್ಯ ಸಂಪಾದಕರಿಗೆ,

ಅಧಿವೇಶನ ನಡೆಯುವಾಗಲೆಲ್ಲ ಒಂದು ಪಕ್ಷದ ಹಗರಣವನ್ನು ಇನ್ನೊಂದು ಪಕ್ಷ ಎತ್ತುತ್ತದೆ, ಅದು ಮುಖಪುಟಕ್ಕೂ ಬರುತ್ತದೆ. ಆದರೆ ಎಲ್ಲ ಪಕ್ಷಗಳ ನಾಯಕರನ್ನೂ ವಿಚಾರಿಸಬಲ್ಲ ವ್ಯವಸ್ಥೆಯನ್ನೇ ಕುಂದಿಸಿದಾಗ ಸದನದಲ್ಲೂ ಸುದ್ದಿಮನೆಗಳಲ್ಲೂ ಅಷ್ಟು ದನಿ ಏಳುವುದಿಲ್ಲ. ಇದಕ್ಕೆ ನಮ್ಮ ರಾಜ್ಯದ ಲೋಕಾಯುಕ್ತದ ಕಥೆಯೇ ಸಾಕ್ಷಿ.

ಬಳ್ಳಾರಿಯ ಅಕ್ರಮ ಗಣಿಗಾರಿಕೆ ಕುರಿತು ಆಗ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈನಲ್ಲಿ ಕೊಟ್ಟ ವರದಿಯ ಬೆನ್ನಲ್ಲೇ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು. ಅಂಥ ಸಂಸ್ಥೆಯ ಕೈಯಿಂದ ಭ್ರಷ್ಟಾಚಾರ ಪ್ರಕರಣಗಳ ತನಿಖೆಯನ್ನು 2016ರಲ್ಲಿ ಸಿದ್ದರಾಮಯ್ಯ ಸರ್ಕಾರ ಕಿತ್ತುಕೊಂಡು, ಸರ್ಕಾರದ ಹಿಡಿತದಲ್ಲಿಯೇ ಇದ್ದ ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ) ಒಪ್ಪಿಸಿತು. ಅದಕ್ಕೂ ಮುನ್ನ, 2015ರಲ್ಲಿ, ಲೋಕಾಯುಕ್ತ ಕಚೇರಿಯಲ್ಲೇ ಸುಲಿಗೆಯ ಆರೋಪ ಕೇಳಿಬಂದಿದ್ದು ನಿಜ. ಅದಕ್ಕೆ ಮದ್ದು ಸಂಸ್ಥೆಯನ್ನು ಶುದ್ಧಗೊಳಿಸುವುದಾಗಿತ್ತೇ ಹೊರತು ಅದರ ಹಲ್ಲು ಕೀಳುವುದಲ್ಲ. ಆಗ ವಿರೋಧ ಪಕ್ಷದಲ್ಲಿ ಕುಳಿತು ಎಸಿಬಿಯನ್ನು ಖಂಡಿಸಿದ ಬಿಜೆಪಿ, 2019ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಅದನ್ನು ಹಾಗೆಯೇ ಉಳಿಸಿಕೊಂಡಿತು. ನಡುವೆ 14 ತಿಂಗಳು ಆಳಿದ ಮೈತ್ರಿ ಸರ್ಕಾರವೂ ಅದನ್ನು ಮುಟ್ಟಲಿಲ್ಲ. ಕೊನೆಗೆ 2022ರ ಆಗಸ್ಟ್ 11ರಂದು ಎಸಿಬಿಯನ್ನು ರದ್ದುಪಡಿಸಿ, ತನಿಖೆಯನ್ನು ಲೋಕಾಯುಕ್ತಕ್ಕೆ ಮರಳಿಸಿದ್ದು ಹೈಕೋರ್ಟ್. ಅಧಿಕಾರದ ಕುರ್ಚಿಯಲ್ಲಿ ಯಾರು ಕುಳಿತರೂ ತನಿಖೆಯ ಕೀಲಿಕೈ ತಮ್ಮ ಕಿಸೆಯಲ್ಲೇ ಇರಲಿ ಎಂದು ಬಯಸುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಕಿಲ್ಲ.

ಪತ್ರಿಕೆಗಳು ಏಕೆ ಬೆನ್ನುಹತ್ತಲಿಲ್ಲ? ಭಯಕ್ಕೆ ಕಾರಣಗಳಿವೆ. 2017ರಲ್ಲಿ ಹಕ್ಕುಚ್ಯುತಿಯ, ಅಂದರೆ ಶಾಸಕರ ವಿಶೇಷ ಹಕ್ಕಿಗೆ ಧಕ್ಕೆ ತಂದರೆಂಬ, ಹೆಸರಿನಲ್ಲಿ ವಿಧಾನಸಭೆ ಇಬ್ಬರು ಪತ್ರಕರ್ತರಿಗೆ ಒಂದು ವರ್ಷದ ಜೈಲುಶಿಕ್ಷೆ ವಿಧಿಸಿತು. ದೂರು ಕೊಟ್ಟವರಲ್ಲಿ ಕಾಂಗ್ರೆಸ್‌ನವರೂ ಇದ್ದರು, ಬಿಜೆಪಿಯವರೂ ಇದ್ದರು. 2019ರಲ್ಲಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ಸದನದಿಂದ ಹೊರಗಿಡಲಾಯಿತು. 2021ರಲ್ಲಿ ಆರು ಮಂದಿ ಸಚಿವರು ತಮ್ಮ ವಿರುದ್ಧ ಮಾನಹಾನಿಕರ ಸುದ್ದಿ ಪ್ರಕಟಿಸದಂತೆ ಹತ್ತಾರು ಮಾಧ್ಯಮ ಸಂಸ್ಥೆಗಳ ಮೇಲೆ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಇದರ ಜೊತೆಗೆ ಸರ್ಕಾರಿ ಜಾಹೀರಾತಿನ ಅವಲಂಬನೆ, ಕೆಲವು ವಾಹಿನಿಗಳಿಗೆ ರಾಜಕಾರಣಿಗಳೊಂದಿಗೇ ಇರುವ ನಂಟು. ಇವೆಲ್ಲ ನನಗೆ ಅರ್ಥವಾಗುತ್ತವೆ, ಆದರೆ ಸಮಾಧಾನ ಕೊಡುವುದಿಲ್ಲ.

ಲೋಕಾಯುಕ್ತ ದಾಳಿಯ ಮರುದಿನ ಎಂಜಿನಿಯರೊಬ್ಬರ ಮನೆಯಲ್ಲಿ ಸಿಕ್ಕ ಚಿನ್ನ, ನೋಟಿನ ಕಂತೆಗಳ ಚಿತ್ರವನ್ನು ನಾವು ಓದುಗರು ಎಷ್ಟು ಸಲ ನೋಡಿಲ್ಲ? ಆ ಅಧಿಕಾರಿಗೆ ಆ ಜಾಗಕ್ಕೆ ವರ್ಗಾವಣೆ ಮಾಡಿಸಿಕೊಟ್ಟವರು ಯಾರು, ಆತನ ಮೇಲೆ ಮೊಕದ್ದಮೆ ಹೂಡಲು ಸರ್ಕಾರ ಅನುಮತಿ ಕೊಟ್ಟಿತೇ, ಕೊಡದಿದ್ದರೆ ಕಡತ ಯಾರ ಮೇಜಿನ ಮೇಲಿದೆ ಎಂಬುದನ್ನು ಆರು ತಿಂಗಳ ನಂತರ ಬರೆಯುವವರು ವಿರಳ. ಲೋಕಾಯುಕ್ತ ಕಾಯ್ದೆಯ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಆಸ್ತಿ ವಿವರ ಸಲ್ಲಿಸಬೇಕು. ಸಲ್ಲಿಸದವರ ಹೆಸರು ಒಂದು ದಿನದ ಸುದ್ದಿಯಾಗಿ ಮುಗಿಯುತ್ತದೆ, ಸಲ್ಲಿಸಿದವರ ಆಸ್ತಿ ಒಂದೇ ಅವಧಿಯಲ್ಲಿ ಹೇಗೆ ಬೆಳೆಯಿತೆಂದು ತುಲನೆ ಮಾಡುವ ಕೆಲಸ ನಡೆಯುವುದೇ ಅಪರೂಪ.

ತಮ್ಮ ಪತ್ರಿಕೆಯಲ್ಲಿ ತಿಂಗಳಿಗೊಮ್ಮೆಯಾದರೂ ಒಂದು ಪುಟದಲ್ಲಿ, ಪಕ್ಷ ನೋಡದೆ, ಜನಪ್ರತಿನಿಧಿಗಳ ಮೇಲಿನ ಯಾವ ಪ್ರಕರಣ ಯಾವ ಹಂತದಲ್ಲಿದೆ, ಎಷ್ಟು ದಿನಗಳಿಂದ ಅಲ್ಲಿಯೇ ನಿಂತಿದೆ ಎಂಬುದನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಚಿತ್ರದುರ್ಗ